ಭೂಮಿಯ ನಾಡಿ ಹಿಡಿದ ರಿಚರ್ಡ್ ಓಲ್ಡ್‌ಹ್ಯಾಮ್

ನಮ್ಮ ಹಿರಿಯರು ಭೂಮಿಗೆ ಇಟ್ಟ ಹೆಸರುಗಳಲ್ಲಿ ಅಚಲೆ, ಸ್ಥಿರೆ ಎಂಬವೂ ಸೇರಿವೆ. ಸೂರ್ಯಚಂದ್ರರು ಮೂಡಿ ಮುಳುಗುವರು; ನದಿಗಳು ಹರಿಯುವವು; ಗಾಳಿ ಬೀಸುವುದು. ಕಾಲ ಕೆಳಗಿನ ನೆಲವೊಂದು ಮಾತ್ರ ಅಲುಗದೆ ನಿಂತಿರುವುದೆಂಬ ನಂಬಿಕೆ ಮನುಷ್ಯನಿಗೆ ಸಹಜವಾದುದು. ಆ ನಂಬಿಕೆಯ ಮೇಲೆಯೇ ಮನೆ ಕಟ್ಟುತ್ತೇವೆ, ಬಾವಿ ತೋಡುತ್ತೇವೆ, ಹೊಲಕ್ಕೆ ಬದು ಹಾಕುತ್ತೇವೆ. ಆದರೆ ನೆಲವೂ ಏರುವುದುಂಟು, ಇಳಿಯುವುದುಂಟು. ಅದರ ಒಡಲಲ್ಲಿ ಶಾಖವುಂಟು, ನಡುಕವುಂಟು. ಈ ಸಂಗತಿಯನ್ನು ಆಯುಷ್ಯವಿಡೀ ಅಳೆದು, ತೂಗಿ, ಬರೆದಿಟ್ಟ ವಿದ್ವಾಂಸರಲ್ಲಿ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮರು ಅಗ್ರಗಣ್ಯರು. ಭೂಗೋಳದ ಪಠ್ಯದಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ: ಭೂಮಿಯ ನಡುವೆ ಬೇರೊಂದು ಗರ್ಭವಿದೆಯೆಂದು ತೋರಿಸಿಕೊಟ್ಟವರು ಎಂದು. ಆ ಒಂದು ಸಾಲಿನ ಹಿಂದೆ ಅರ್ಧ ಶತಮಾನದ ದುಡಿಮೆಯಿದೆ. ಭೂಮಿಯ ಶಾಖದಿಂದ ವಿದ್ಯುತ್ತನ್ನು ಪಡೆಯುವ ಮಾತು ಎಲ್ಲೆಡೆಯೂ ಕೇಳಿಬರುತ್ತಿರುವ ಈ ದಿನಗಳಲ್ಲಿ ಆ ದುಡಿಮೆಯ ಕಥೆಯನ್ನು ತಿಳಿಯುವುದು ಉಚಿತವಾಗಿದೆ.

ಬೆಳಗಾವಿಯ ವಿದ್ಯಾರ್ಥಿಗಳಾದ ನಮಗೆ ಈ ಕಥೆ ದೂರದ್ದಲ್ಲ. ನಮ್ಮ ನಗರದ ಸುತ್ತಮುತ್ತಲಿನ ಕರಿಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದು ಆರಿದ ಲಾವಾರಸ. ಅದರ ಮೇಲ್ಭಾಗವು ಮಳೆಗಾಳಿಗಳಿಗೆ ಸಿಕ್ಕು ಕೆಂಪುಕಲ್ಲಾಗಿದೆ. ಇಲ್ಲಿಂದ ಖಾನಾಪುರದ ಕಡೆಗೆ ಸಾಗಿದರೆ ಆ ಕರಿಕಲ್ಲಿನ ಹೊದಿಕೆ ಕೊನೆಗೊಳ್ಳುತ್ತ ಬಂದು, ೨೫೦ ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳು ತಲೆದೋರುತ್ತವೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ; ಅಲ್ಲಿಂದ ಪಶ್ಚಿಮಕ್ಕೆ ಘಟ್ಟವಿಳಿದರೆ ಕಡಲತೀರ. ಆ ಘಟ್ಟದ ಬುಡದಲ್ಲಿ, ಉತ್ತರ ದಿಕ್ಕಿನ ಕೊಂಕಣದಲ್ಲಿ, ಬಿಸಿನೀರಿನ ಬುಗ್ಗೆಗಳ ಸಾಲೇ ಇದೆ. ಹೀಗೆ ಆರಿದ ಬೆಂಕಿಯ ಮೇಲೆ ವಾಸ, ಆರದ ಶಾಖದ ನೆರೆ, ಇವೆರಡೂ ನಮ್ಮ ಪಾಲಿಗೆ ಬಂದಿವೆ.

ಮಗನ ಚರಿತ್ರೆಗೆ ತಂದೆಯ ಚರಿತ್ರೆಯೇ ಪೀಠಿಕೆ. ತಂದೆ ಥಾಮಸ್ ಓಲ್ಡ್‌ಹ್ಯಾಮರು ೧೮೧೬ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿದರು. ಅಲ್ಲಿಯ ಟ್ರಿನಿಟಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ೧೮೫೧ರಲ್ಲಿ ಕಲಕತ್ತೆಗೆ ಬಂದು ಭಾರತೀಯ ಭೂಗರ್ಭ ಸಮೀಕ್ಷಾ ಇಲಾಖೆಯ ಮೊದಲ ಮುಖ್ಯಸ್ಥರಾದರು. ಕಂಪನಿ ಸರಕಾರಕ್ಕೆ ಬೇಕಾಗಿದ್ದುದು ಕಲ್ಲಿದ್ದಲು. ಥಾಮಸರು ಕಲ್ಲಿದ್ದಲನ್ನೂ ಹುಡುಕಿಸಿದರು. ಜೊತೆಗೆ ಇಡೀ ದೇಶದ ಶಿಲೆಗಳ ಲೆಕ್ಕವನ್ನು ಕ್ರಮವಾಗಿ ಬರೆಯಿಸುವ ಕೆಲಸಕ್ಕೂ ಕೈಹಾಕಿದರು. ೧೮೫೮ರಲ್ಲಿ ಅವರ ಇಲಾಖೆಗೆ ಸೇರಿದ ತರುಣರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. ಫೂಟರು ನಮ್ಮ ಸೀಮೆಯನ್ನು ಶೋಧಿಸಿ, ದಕ್ಷಿಣ ಮರಾಠಾ ದೇಶದ ಭೂರಚನೆಯನ್ನು ಕುರಿತ ದೊಡ್ಡ ವರದಿಯನ್ನು ೧೮೭೬ರಲ್ಲಿ ಪ್ರಕಟಿಸಿದರು. ಗೋಕಾಕದ ಬಳಿ ಸಿಕ್ಕ ಪುರಾತನ ಖಡ್ಗಮೃಗದ ಪಳೆಯುಳಿಕೆಯನ್ನು ಲೋಕಕ್ಕೆ ಪರಿಚಯಿಸಿದವರೂ ಅವರೇ. ಬೆಳಗಾವಿ ಜಿಲ್ಲೆಯ ಕಲ್ಲುಮಣ್ಣುಗಳು ಶಾಸ್ತ್ರದ ದಾಖಲೆಗೆ ಸೇರಿದ್ದು ಥಾಮಸರು ಹಾಕಿಕೊಟ್ಟ ಈ ಪದ್ಧತಿಯಿಂದಲೇ. ಫೂಟರ ವರದಿ ಹೊರಬಂದ ೧೮೭೬ರಲ್ಲಿಯೇ ಥಾಮಸರು ನಿವೃತ್ತರಾದರು. ಎರಡು ವರ್ಷಗಳಲ್ಲಿ, ೧೮೭೮ರಲ್ಲಿ, ಇಂಗ್ಲೆಂಡಿನ ರಗ್ಬಿಯಲ್ಲಿ ತೀರಿಕೊಂಡರು. ಅವರು ಬರೆದು ಮುಗಿಸದೆ ಬಿಟ್ಟುಹೋದ ಕಾಗದಪತ್ರಗಳ ಕಟ್ಟು ಉಳಿಯಿತು.

ರಿಚರ್ಡರು ಹುಟ್ಟಿದ್ದು ೧೮೫೮ರ ಜುಲೈ ೩೧ರಂದು. ರಗ್ಬಿಯ ಶಾಲೆಯಲ್ಲಿಯೂ ಲಂಡನ್ನಿನ ಗಣಿಶಾಸ್ತ್ರದ ರಾಜವಿದ್ಯಾಲಯದಲ್ಲಿಯೂ ಓದಿ, ತಂದೆ ತೀರಿದ ಮರುವರ್ಷ, ೧೮೭೯ರಲ್ಲಿ, ತಂದೆಯೇ ಕಟ್ಟಿ ಬೆಳೆಸಿದ್ದ ಇಲಾಖೆಗೆ ಸೇರಿದರು. ಆಗ ಅವರಿಗೆ ೨೧ ವರ್ಷ. ಹಿರಿಯರ ಹೆಸರು ಕಿರಿಯರಿಗೆ ನೆರಳೂ ಹೌದು, ಹೊರೆಯೂ ಹೌದು. ರಿಚರ್ಡರು ಆ ಹೊರೆಯನ್ನು ಹೊತ್ತ ರೀತಿ ಸ್ಮರಣೀಯವಾಗಿದೆ. ತಂದೆಯ ಕಾಗದಗಳ ಕಟ್ಟನ್ನು ಬಿಚ್ಚಿ, ಒಂದೊಂದನ್ನೂ ಓದಿ, ಕೂಡಿಸಿ, ತಿದ್ದಿ ಅಚ್ಚಿಗೆ ಕೊಟ್ಟರು. ೧೮೬೯ರ ಜನವರಿಯಲ್ಲಿ ಆದ ಕಾಚಾರ ಭೂಕಂಪದ ವರದಿ, ಭಾರತದ ಬಿಸಿನೀರಿನ ಬುಗ್ಗೆಗಳ ಪಟ್ಟಿ, ಪುರಾತನ ಕಾಲದಿಂದ ೧೮೬೯ರವರೆಗೆ ಭಾರತದಲ್ಲಿ ಆದ ಭೂಕಂಪಗಳ ಪಟ್ಟಿ: ಈ ಮೂರೂ ೧೮೮೨-೮೩ರ ಹೊತ್ತಿಗೆ ಇಲಾಖೆಯ ಗ್ರಂಥಮಾಲೆಯಲ್ಲಿ ಹೊರಬಂದವು. ಮೂರರ ಮೇಲೂ ತಂದೆಯ ಹೆಸರಿದೆ. ಸಂಪಾದಿಸಿದ ಶ್ರಮ ಮಗನದು.

ಬಿಸಿನೀರಿನ ಬುಗ್ಗೆಗಳ ಪಟ್ಟಿಯಲ್ಲಿ ಸುಮಾರು ಮುನ್ನೂರು ಬುಗ್ಗೆಗಳಿವೆ. ಅಂಥ ಪಟ್ಟಿ ನೀರಸವೆಂದು ತೋರಬಹುದು. ಆದರೆ ಬುಗ್ಗೆ ಎಂಬುದು ಭೂಮಿಯ ಒಡಲಿಗೆ ಇಟ್ಟ ಜ್ವರಮಾಪಕದಂತೆ. ಮಳೆಯ ನೀರು ಬಂಡೆಗಳ ಬಿರುಕುಗಳಲ್ಲಿ ಆಳಕ್ಕೆ ಇಳಿಯುವುದು. ಒಂದು ಕಿಲೋಮೀಟರ್ ಆಳಕ್ಕೆ ಸಾಧಾರಣವಾಗಿ ೨೫ರಿಂದ ೩೦ ಡಿಗ್ರಿಗಳಷ್ಟು ಶಾಖ ಹೆಚ್ಚುವುದರಿಂದ ಆ ನೀರು ಕಾಯುವುದು. ಕಾದ ನೀರು ಹಗುರಾಗಿ ಬೇರೊಂದು ಬಿರುಕಿನಿಂದ ಮೇಲೇರಿ ಬುಗ್ಗೆಯಾಗುವುದು. ನಮ್ಮ ಕರಿಕಲ್ಲಿನ ಲಾವಾರಸ ಆರಿ ಎಷ್ಟೋ ಕಾಲವಾಗಿದೆ; ಕೊಂಕಣದ ಬುಗ್ಗೆಗಳ ಬಿಸಿಗೆ ಅದು ಕಾರಣವಲ್ಲ, ನೀರು ಇಳಿದು ಬಂದ ಆಳವೇ ಕಾರಣ. ರಾಜಾಪುರದ ಗಂಗೆಯ ಹತ್ತಿರದ ಉನ್ಹಾಳೆ, ಸಂಗಮೇಶ್ವರದ ಕಡೆಯ ತುರಳ, ಖೇಡದ ಕಡೆಯ ಉನ್ಹವರೆ ಇವೆಲ್ಲ ಆ ಸಾಲಿನವು. ಮರಾಠಿಯಲ್ಲಿ ಉನ್ಹಾಳಾ ಎಂದರೆ ಬೇಸಿಗೆಯೆಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಊರ ಹೆಸರೇ ಅಲ್ಲಿಯ ನೀರಿನ ಗುಣವನ್ನು ಸಾರುತ್ತದೆ. ಉನ್ಹವರೆಯ ನೀರು ೭೦ ಡಿಗ್ರಿಯ ಆಸುಪಾಸಿನಷ್ಟು ಬಿಸಿ. ನಮ್ಮ ಕರ್ನಾಟಕದಲ್ಲಿ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥ ಇಂಥದೇ ಆದರೂ ಅದರ ಬಿಸಿ ಹಿತವಾದುದು. ಜನರು ಇಂಥ ಕಡೆಗಳಲ್ಲಿ ಪುಣ್ಯಸ್ನಾನ ಮಾಡಿದರು. ಓಲ್ಡ್‌ಹ್ಯಾಮ್ ತಂದೆಮಕ್ಕಳು ಇಡೀ ದೇಶದ ಬುಗ್ಗೆಗಳ ಸ್ಥಳವನ್ನೂ ಶಾಖವನ್ನೂ ಒಂದು ಪುಸ್ತಕದಲ್ಲಿ ಸೇರಿಸಿಟ್ಟರು. ಮುಂದೆ ಈ ದೇಶದಲ್ಲಿ ಭೂಶಾಖವನ್ನು ಹುಡುಕಿ ಹೊರಟವರಿಗೆಲ್ಲ ಆ ಪಟ್ಟಿಯೇ ಮೊದಲ ಮೆಟ್ಟಿಲಾಯಿತು.

ರಿಚರ್ಡರು ಮೇಜಿನ ಮುಂದೆ ಕುಳಿತು ಕಾಲ ಕಳೆದವರಲ್ಲ. ಹಿಮಾಲಯದ ತಪ್ಪಲು, ಸೋನ್ ನದಿಯ ಕಣಿವೆ, ಅಂಡಮಾನ್ ದ್ವೀಪಗಳು ಮುಂತಾದ ಕಡೆಗಳಲ್ಲಿ ಸುತ್ತಾಡಿ ಬರೆದರು. ಭಾರತದ ಭೂಗರ್ಭಶಾಸ್ತ್ರದ ಕೈಪಿಡಿಯ ಎರಡನೆಯ ಆವೃತ್ತಿಯನ್ನು ಬಹುಮಟ್ಟಿಗೆ ಹೊಸದಾಗಿಯೇ ರಚಿಸಿ ೧೮೯೩ರಲ್ಲಿ ಹೊರತಂದರು. ಆದರೆ ಅವರ ಜೀವನಕ್ಕೆ ತಿರುವು ಕೊಟ್ಟದ್ದು ೧೮೯೭ರ ಜೂನ್ ೧೨ರ ಸಂಜೆ. ಅಂದು ಐದು ಗಂಟೆ ದಾಟಿದ ಮೇಲೆ ಅಸ್ಸಾಮಿನಲ್ಲಿ ಮಹಾ ಭೂಕಂಪವಾಯಿತು. ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ನೆಲಸಮವಾದವು. ಸುಮಾರು ೧,೫೦೦ ಜನ ಸತ್ತರು. ಹೊತ್ತು ಮುಳುಗುವ ಮುಂಚಿನ ವೇಳೆಯಾಗಿ ಅನೇಕರು ಹೊರಗಿದ್ದುದರಿಂದ ಅಷ್ಟಕ್ಕೇ ಉಳಿಯಿತು. ಇರುಳಿನಲ್ಲಿ ಆಗಿದ್ದರೆ ಇನ್ನೆಷ್ಟು ಜೀವಗಳು ಹೋಗುತ್ತಿದ್ದವೋ!

ಈ ಭೂಕಂಪದ ಪರಿಶೀಲನೆ ಓಲ್ಡ್‌ಹ್ಯಾಮರ ಪಾಲಿಗೆ ಬಂದಿತು. ಅವರು ಬಿದ್ದ ಗೋಡೆಗಳ ದಿಕ್ಕನ್ನು ನೋಡಿದರು, ತಿರುಚಿ ನಿಂತ ಕಂಬಗಳನ್ನು ಅಳೆದರು, ನೆಲದಿಂದ ಚಿಮ್ಮಿ ಬೇರೆಡೆ ಬಿದ್ದ ಬಂಡೆಗಳನ್ನು ಗುರುತಿಸಿದರು. ಛೇದ್ರಾಂಗ್ ಎಂಬ ಹೊಳೆಯ ಉದ್ದಕ್ಕೂ ನೆಲವು ಸೀಳಿ, ಒಂದು ಬದಿ ಇನ್ನೊಂದು ಬದಿಗಿಂತ ಕೆಲವೆಡೆ ೩೫ ಅಡಿಯವರೆಗೆ ಎತ್ತರವಾಗಿದ್ದುದನ್ನು ಕಂಡು ಬರೆದರು. ಮೋಜಣಿಯವರು ಹಿಂದೆ ಅಳೆದಿಟ್ಟಿದ್ದ ಗುರುತುಗಳನ್ನು ಭೂಕಂಪದ ತರುವಾಯ ಮತ್ತೆ ಅಳೆಯಿಸಿದಾಗ ದೂರ ಮತ್ತು ಎತ್ತರಗಳಲ್ಲಿ ವ್ಯತ್ಯಾಸ ಕಂಡುಬಂದಿತು. ಹಳೆಯ ಅಳತೆ ಕೈಯಲ್ಲಿದ್ದುದರಿಂದಲೇ ಹೊಸ ಅಳತೆಗೆ ಅರ್ಥ ಬಂದಿತೆಂಬುದನ್ನು ವಾಚಕರು ಗಮನಿಸಬೇಕು. ೧೮೯೯ರಲ್ಲಿ ಹೊರಬಂದ ಅವರ ವರದಿಯನ್ನು ಭೂಕಂಪಶಾಸ್ತ್ರದ ಆಧಾರಗ್ರಂಥಗಳಲ್ಲೊಂದೆಂದು ವಿದ್ವಾಂಸರು ಎಣಿಸುತ್ತಾರೆ. ಅದೇ ನಡುಕವನ್ನು ದೂರದ ಯೂರೋಪಿನ ಯಂತ್ರಗಳು ದಾಖಲಿಸಿದ್ದವು. ಆ ದಾಖಲೆಗಳನ್ನು ತರಿಸಿ ನೋಡಿದ ಓಲ್ಡ್‌ಹ್ಯಾಮರಿಗೆ ಒಂದೇ ಭೂಕಂಪದಿಂದ ಮೂರು ಬಗೆಯ ಅಲೆಗಳು ಬೇರೆಬೇರೆ ಹೊತ್ತಿಗೆ ಬಂದು ತಲುಪಿದ್ದು ಕಾಣಿಸಿತು. ಎರಡು ಬಗೆಯವು ಭೂಮಿಯ ಒಳಗಿನಿಂದ ಹಾಯ್ದು ಬಂದವು. ಮೂರನೆಯದು ಮೇಲ್ಮೈಯನ್ನು ಹಿಡಿದು ಬಂದದ್ದು.

೧೯೦೩ರಲ್ಲಿ ಅವರು ಇಲಾಖೆಯನ್ನು ಬಿಟ್ಟು ತಾಯ್ನಾಡಿನ ಕಡೆಗೆ ಮರಳಿದರು. ಆರೋಗ್ಯ ಗಟ್ಟಿಯಾಗಿರಲಿಲ್ಲ. ಆದರೂ ಅವರ ಅತ್ಯುತ್ತಮ ಕೃತಿ ಇನ್ನೂ ಬರಬೇಕಾಗಿತ್ತು. ಅಲೆಗಳ ವೇಗವನ್ನು ಲೆಕ್ಕ ಹಾಕುತ್ತ ಹೋದಂತೆ, ಭೂಮಿಯ ನಡುವಿನ ಮೂಲಕ ಹಾಯ್ದುಹೋಗುವ ಅಲೆಗಳು ಇರಬೇಕಾದುದಕ್ಕಿಂತ ತಡವಾಗಿ ಬರುವುದು ತಿಳಿದುಬಂದಿತು. ದಾರಿಯಲ್ಲಿ ಅವುಗಳ ವೇಗವನ್ನು ಕುಗ್ಗಿಸುವ ಬೇರೊಂದು ದ್ರವ್ಯವಿರಬೇಕು. ೧೯೦೬ರಲ್ಲಿ ಓಲ್ಡ್‌ಹ್ಯಾಮರು ಭೂಮಿಗೆ ಇಂಥ ಒಂದು ಗರ್ಭವಿದೆಯೆಂದೂ ಅದರ ತ್ರಿಜ್ಯವು ಭೂಮಿಯ ತ್ರಿಜ್ಯದ ಹತ್ತರಲ್ಲಿ ನಾಲ್ಕು ಪಾಲಿನಷ್ಟೆಂದೂ ಪ್ರತಿಪಾದಿಸಿದರು. ಮುಂದೆ ಗುಟೆನ್‌ಬರ್ಗರು ಆ ಗರ್ಭವು ಸುಮಾರು ೨,೯೦೦ ಕಿಲೋಮೀಟರ್ ಆಳದಲ್ಲಿ ಆರಂಭವಾಗುವುದೆಂದು ಗೊತ್ತುಮಾಡಿದರು. ಜೆಫ್ರಿಸರು ಅದು ದ್ರವರೂಪದ್ದೆಂದು ತೋರಿಸಿದರು. ಯಾವ ಮನುಷ್ಯನೂ ಕಾಣದ, ಯಾವ ಭೈರಿಗೆಯೂ ಮುಟ್ಟದ ಸ್ಥಳವನ್ನು ಒಬ್ಬ ನಿವೃತ್ತ ಅಧಿಕಾರಿ ಕಾಗದದ ಮೇಲಿನ ಗೀರುಗಳಿಂದ ಕಂಡುಹಿಡಿದದ್ದು ಬುದ್ಧಿಯ ಮಹತ್ತಿಗೆ ಸಾಕ್ಷಿಯಾಗಿದೆ.

ಇದೇ ಹೊತ್ತಿಗೆ ಇಟಲಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ೧೯೦೪ರಲ್ಲಿ ಲಾರ್ಡೆರೆಲ್ಲೊ ಎಂಬಲ್ಲಿ ಪಿಯೆರೊ ಜಿನೋರಿ ಕೊಂಟಿ ಎಂಬವರು ನೆಲದಿಂದ ಹೊಮ್ಮುವ ಹಬೆಯ ಬಲದಿಂದ ಐದು ವಿದ್ಯುದ್ದೀಪಗಳನ್ನು ಬೆಳಗಿಸಿದರು. ಒಬ್ಬರು ಭೂಮಿಯ ಒಳಗನ್ನು ತಿಳಿಯಲು ಹೊರಟರು, ಇನ್ನೊಬ್ಬರು ಅದರ ಶಾಖವನ್ನು ದುಡಿಸಲು ಹೊರಟರು. ಈ ಎರಡು ದಾರಿಗಳು ಮುಂದೆ ಎಲ್ಲಿ ಕೂಡಿದವೆಂಬುದನ್ನು ಕೊನೆಗೆ ನೋಡೋಣ.

ಮುಪ್ಪಿನಲ್ಲಿ ಓಲ್ಡ್‌ಹ್ಯಾಮರ ಮನಸ್ಸು ಮತ್ತೆ ಭಾರತಕ್ಕೆ, ಅದೂ ಕರಾವಳಿಗೆ ತಿರುಗಿತು. ೧೮೧೯ರ ಜೂನ್ ೧೬ರಂದು ಕಚ್ಛದಲ್ಲಿ ಭೂಕಂಪವಾಗಿತ್ತು. ಅಲ್ಲಿಯ ರಣದ ಅಂಚಿನಲ್ಲಿ, ಸಿಂಧೂನದಿಯ ಹಳೆಯ ಕವಲಿನ ಮೇಲೆ, ಸಿಂದ್ರಿ ಎಂಬ ಸಣ್ಣ ಕೋಟೆಯೂ ಸುಂಕದ ಕಟ್ಟೆಯೂ ಇದ್ದವು. ನೆಲ ತಗ್ಗಿತು, ಕಡಲ ನೀರು ನುಗ್ಗಿತು, ಕೋಟೆ ಮುಳುಗಿತು. ಅಲ್ಲಿದ್ದವರು ಉಳಿದ ಬುರುಜನ್ನೇರಿ ಜೀವ ಉಳಿಸಿಕೊಂಡು, ದೋಣಿಯಲ್ಲಿ ಪಾರಾದರು. ಅದಕ್ಕೆ ಉತ್ತರದಲ್ಲಿ ನೆಲವು ಸುಮಾರು ೮೦ ಕಿಲೋಮೀಟರ್ ಉದ್ದಕ್ಕೆ ದಿಬ್ಬದಂತೆ ಎದ್ದು ನಿಂತಿತು. ಮನುಷ್ಯರು ಕಟ್ಟದ ಆ ಒಡ್ಡಿಗೆ ಜನರು ಅಲ್ಲಾಬಂದ್ ಎಂದು ಹೆಸರಿಟ್ಟರು. ಈ ಸಂಗತಿಯನ್ನು ಲಯೆಲರು ತಮ್ಮ ಗ್ರಂಥದಲ್ಲಿ ಸೇರಿಸಿ ಲೋಕಪ್ರಸಿದ್ಧಗೊಳಿಸಿದ್ದರು. ಆದರೆ ಎಷ್ಟು ಇಳಿಯಿತು, ಎಷ್ಟು ಏರಿತು ಎಂಬುದನ್ನು ಹೇಳುವುದು ಕಷ್ಟವಾಗಿತ್ತು. ಏಕೆಂದರೆ ಭೂಕಂಪಕ್ಕೆ ಮುಂಚೆ ಆ ನೆಲದ ಮಟ್ಟವನ್ನು ಯಾರೂ ಅಳೆದಿಟ್ಟಿರಲಿಲ್ಲ. ಓಲ್ಡ್‌ಹ್ಯಾಮರು ನೂರು ವರ್ಷಗಳ ಹಿಂದಿನ ಪ್ರಯಾಣಿಕರ ಬರಹಗಳನ್ನೂ ಸೈನ್ಯಾಧಿಕಾರಿಗಳ ಮೋಜಣಿಯನ್ನೂ ಒಂದಕ್ಕೊಂದು ಹೋಲಿಸಿ, ಗಟ್ಟಿಯಾದುದನ್ನು ಜೊಳ್ಳಿನಿಂದ ಬೇರ್ಪಡಿಸಿ, ೧೯೨೬ರಲ್ಲಿ ವರದಿಯನ್ನು ಪ್ರಕಟಿಸಿದರು. ಅಸ್ಸಾಮಿನಲ್ಲಿ ಇದ್ದ ಹಳೆಯ ಅಳತೆ ಕಚ್ಛದಲ್ಲಿ ಇರಲಿಲ್ಲ. ಎರಡು ವರದಿಗಳನ್ನು ಜೊತೆಗಿಟ್ಟು ನೋಡಿದವರಿಗೆ ಅಳತೆಯ ಬೆಲೆ ಏನೆಂಬುದು ತಾನೇ ತಿಳಿಯುವುದು.

ದಕ್ಷಿಣ ಫ್ರಾನ್ಸಿನ ಹವೆ ಅವರ ದೇಹಕ್ಕೆ ಒಗ್ಗುತ್ತಿತ್ತು. ಅಲ್ಲಿಯೂ ಅವರು ಸುಮ್ಮನಿರಲಿಲ್ಲ. ರೋನ್ ನದಿ ಸಮುದ್ರ ಸೇರುವಲ್ಲಿಯ ಮೆಕ್ಕಲು ಭೂಮಿಯ ಹಳೆಯ ನಾವಿಕರ ನಕಾಶೆಗಳನ್ನು ಹುಡುಕಿ ತೆಗೆದರು. ಚರಿತ್ರೆಯ ಕಾಲದಲ್ಲಿ ಆ ತೀರದ ಮಟ್ಟ ಹೇಗೆ ಬದಲಾಯಿತೆಂಬುದನ್ನು ಕುರಿತು ೧೯೩೦ರಲ್ಲಿ, ೭೧ನೆಯ ವಯಸ್ಸಿನಲ್ಲಿ, ಪ್ರಬಂಧವನ್ನು ಪ್ರಕಟಿಸಿದರು. ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದ ಅಧ್ಯಕ್ಷಪದವಿ, ರಾಯಲ್ ಸೊಸೈಟಿಯ ಸದಸ್ಯತ್ವ ಮೊದಲಾದ ಗೌರವಗಳು ಅವರಿಗೆ ಬಂದಿದ್ದವು. ೧೯೩೬ರ ಜುಲೈ ೧೫ರಂದು ಅವರು ತೀರಿಕೊಂಡರು. ಅದೇ ವರ್ಷ ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ವಿದುಷಿ, ಓಲ್ಡ್‌ಹ್ಯಾಮರು ಕಂಡ ಗರ್ಭದೊಳಗೆ ಇನ್ನೊಂದು ಒಳಗರ್ಭವಿರುವುದನ್ನು ಪ್ರಕಟಿಸಿದರು. ಹಚ್ಚಿದ ದೀಪ ಇನ್ನೊಂದು ಕೈಗೆ ಸೇರಿತು.

ಈಗ ಎರಡು ದಾರಿಗಳು ಕೂಡಿದ ಸ್ಥಳಕ್ಕೆ ಬರೋಣ. ೧೯೫೮ರಲ್ಲಿ ನ್ಯೂಜಿಲೆಂಡಿನ ವೈರಾಕೆಯಲ್ಲಿ ಭೂಶಾಖದ ದೊಡ್ಡ ವಿದ್ಯುದಾಗಾರ ಆರಂಭವಾಯಿತು. ಆಳದಿಂದ ಬಿಸಿನೀರನ್ನೂ ಹಬೆಯನ್ನೂ ತೆಗೆದು, ಬಳಸಿದ ನೀರನ್ನು ನದಿಗೆ ಬಿಡುತ್ತಿದ್ದರು. ಕೆಲವು ದಶಕಗಳಲ್ಲಿ ಅಲ್ಲಿಯ ಒಂದು ಸಣ್ಣ ಪ್ರದೇಶದ ನೆಲ ೧೫ ಮೀಟರಿನಷ್ಟು ಇಳಿಯಿತು. ಅದು ಒಳನಾಡು, ಸಮುದ್ರ ದೂರವಿತ್ತು. ಕಡಲಂಚಿನಲ್ಲಾದರೆ ಒಂದೆರಡು ಮೀಟರೇ ಸಾಕು. ಇಟಲಿಯ ಪೋ ನದಿಯ ಮುಖದಲ್ಲಿ ೧೯೩೮ರಿಂದ ೧೯೬೧ರವರೆಗೆ ಅನಿಲ ಬೆರೆತ ನೀರನ್ನು ನೆಲದಿಂದ ಎಳೆದುದರಿಂದ ಭೂಮಿ ಕೆಲವೆಡೆ ೨ ಮೀಟರಿಗೂ ಹೆಚ್ಚು ತಗ್ಗಿ, ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಾದವು. ಅಮೆರಿಕದ ಟೆಕ್ಸಸ್ ತೀರದ ಬೇಟೌನಿನಲ್ಲಿ ಅಂತರ್ಜಲವನ್ನು ಮಿತಿಮೀರಿ ತೆಗೆದುದರಿಂದ ನೆಲ ಕುಸಿದು ಒಂದು ಇಡೀ ಬಡಾವಣೆಗೆ ನೀರು ನುಗ್ಗತೊಡಗಿತು. ೧೯೮೩ರ ಚಂಡಮಾರುತದ ನಂತರ ಜನರು ಅದನ್ನು ಬಿಟ್ಟೇ ಹೋದರು. ಅದೇ ತೀರದಲ್ಲಿ ಆಳದ ಬಿಸಿನೀರಿನಿಂದ ವಿದ್ಯುತ್ ತೆಗೆಯುವ ಪ್ರಯೋಗ ನಡೆದಾಗ, ನೆಲದ ಮಟ್ಟ ಇಳಿಯುವುದೋ ಎಂಬ ಪ್ರಶ್ನೆ ಮೊದಲು ಎದ್ದುದು ಇದೇ ಕಾರಣದಿಂದ.

ಹೀಗಾಗಲು ಕಾರಣವನ್ನು ಖಾನಾಪುರದ ಕುಂಬಾರರ ಮನೆಯಲ್ಲಿ ನೋಡಿ ತಿಳಿಯಬಹುದು. ಅಲ್ಲಿಯ ಮಣ್ಣಿನ ಪಾತ್ರೆಗಳೂ ಹಂಚುಗಳೂ ಹೆಸರಾದವು. ಹಸಿಮಣ್ಣಿನಲ್ಲಿ ಮಾಡಿದ ಗಡಿಗೆ ಆರಿದಂತೆ ತುಸು ಕುಗ್ಗುವುದು. ಕಣಗಳ ನಡುವಿನ ನೀರು ಹೋಗಿ ಕಣಗಳು ಒತ್ತಿಕೊಳ್ಳುವುದೇ ಇದಕ್ಕೆ ಕಾರಣ. ನದೀಮುಖದ ಜೇಡಿಯ ಪದರಗಳೂ ಅಂತೆಯೇ. ಮೇಲಿನ ಭಾರದ ಒಂದು ಪಾಲನ್ನು ಒಳಗಿನ ನೀರಿನ ಒತ್ತಡ ಹೊತ್ತಿರುವುದು. ಆ ನೀರನ್ನು ತೆಗೆದರೆ ಭಾರವೆಲ್ಲ ಮಣ್ಣಿನ ಮೇಲೆ ಬಿದ್ದು ಪದರ ಅದುಮಿಕೊಳ್ಳುವುದು. ಹಾಗೆ ಅದುಮಿದ ಜೇಡಿ ನೀರು ತುಂಬಿದರೂ ಬಹುಮಟ್ಟಿಗೆ ಹಿಂದಿನ ಎತ್ತರಕ್ಕೆ ಬರುವುದಿಲ್ಲ. ಆದುದರಿಂದಲೇ ಈಗಿನ ತಂತ್ರಜ್ಞರು ಶಾಖವನ್ನು ಪಡೆದು ನೀರನ್ನು ಮತ್ತೆ ಆಳಕ್ಕೆ ತುಂಬುವ ಪದ್ಧತಿಯನ್ನು ಅನುಸರಿಸುವರು. ಸಾಲ ತಂದ ಕಾಳನ್ನು ಹಿಂದಿರುಗಿಸುವ ಒಕ್ಕಲಿಗನ ನ್ಯಾಯ ಇದು.

ಕೊಂಕಣದ ಬುಗ್ಗೆಗಳ ನೆಲ ಗಟ್ಟಿಯಾದ ಕರಿಕಲ್ಲಿನದು. ಮೆಕ್ಕಲಿನ ಮುಖಭೂಮಿಯಂತೆ ಅದು ಕುಸಿಯುವ ಭಯ ಕಡಿಮೆ. ಆದರೆ ಬಿರುಕಿನಲ್ಲಿ ಹರಿಯುವ ನೀರನ್ನು ಕೊಳವೆಯಿಂದ ಎಳೆದರೆ ಬುಗ್ಗೆಯೇ ಬತ್ತಬಹುದು. ತಗ್ಗಾದ ಖಾರಿಗಳ ಅಂಚಿನಲ್ಲಿ ಸಿಹಿನೀರಿನ ಬಾವಿಗೆ ಉಪ್ಪುನೀರು ಸೇರಬಹುದು. ಭೂಶಾಖವು ಹೊಗೆಯಿಲ್ಲದ, ಹಗಲಿರುಳೆನ್ನದೆ ದೊರೆಯುವ ಶಕ್ತಿ. ಅದನ್ನು ಬೇಡವೆನ್ನುವುದು ವಿವೇಕವಲ್ಲ. ತೆಗೆಯುವ ಮುಂಚೆ ನೆಲದ ಮಟ್ಟವೆಷ್ಟು, ಬುಗ್ಗೆಯ ಬಿಸಿಯೆಷ್ಟು, ಬಾವಿಯ ನೀರೆಷ್ಟು ಎಂಬುದನ್ನು ಬರೆದಿಡದೆ ಕೆಲಸಕ್ಕೆ ಕೈಹಾಕುವುದೂ ವಿವೇಕವಲ್ಲ. ಬರೆದಿಡದಿದ್ದರೆ, ನಾಳೆ ನೆಲ ಇಳಿದಾಗ ಇಳಿಯಿತೆಂದು ಸಾಧಿಸಿ ತೋರಿಸಲು ಕಡಲತೀರದ ಬಡ ಒಕ್ಕಲಿಗನ ಕೈಯಲ್ಲಿ ಏನೂ ಇರುವುದಿಲ್ಲ; ಸಿಂದ್ರಿಯವರ ಕೈಯಲ್ಲಿ ಹೇಗೆ ಇರಲಿಲ್ಲವೋ ಹಾಗೆ.

ಓಲ್ಡ್‌ಹ್ಯಾಮರ ಜೀವನದಿಂದ ನಾವು ಕಲಿಯಬೇಕಾದ ಪಾಠ ಇದೇ. ಅವರ ಮಹಾಶೋಧಕ್ಕೆ ಪ್ರತಿಭೆ ಬೇಕಾಗಿತ್ತು, ನಿಜ. ಆದರೆ ಆ ಪ್ರತಿಭೆ ಬೆಳೆದದ್ದು ತಂದೆಯ ಪಟ್ಟಿಗಳನ್ನು ತಾಳ್ಮೆಯಿಂದ ತಿದ್ದಿದ ಮೇಜಿನ ಮೇಲೆ. ಎಲ್ಲರೂ ಭೂಗರ್ಭವನ್ನು ಕಂಡುಹಿಡಿಯಲಾರರು. ಆದರೆ ಬೆಳಗಾವಿಯ ಓಣಿಯ ಬಾವಿಯಲ್ಲಿಯೋ ಖಾನಾಪುರದ ಹೊಲದ ಬಾವಿಯಲ್ಲಿಯೋ ಪ್ರತಿ ತಿಂಗಳ ಮೊದಲ ದಿನ ನೀರು ಎಷ್ಟು ಆಳದಲ್ಲಿದೆಯೆಂದು ಹಗ್ಗ ಇಳಿಸಿ ಅಳೆದು, ಒಂದು ವಹಿಯಲ್ಲಿ ಬರೆಯುತ್ತ ಹೋಗುವುದು ನಮ್ಮಲ್ಲಿ ಯಾರಿಗೂ ಅಸಾಧ್ಯವಲ್ಲ. ಹತ್ತು ವರ್ಷ ನಡೆದರೆ ಆ ವಹಿ ಊರಿಗೆ ಆಸ್ತಿಯಾಗುವುದು.